ಉಳಿದವರು, ಅಳಿದವರು ಮತ್ತು ನಡುವಿನ ಎರಡು ದಿನ

2009ರ ಮಹಾಮಾರಿ ಫ್ಲೂನಿಂದ ಆಸ್ಪತ್ರೆ ಸೇರಿದವರಲ್ಲಿ ಕೆಲವರು ವಾರದಲ್ಲೇ ಮನೆಗೆ ಮರಳಿದರು, ಕೆಲವರು ಮರಳಲೇ ಇಲ್ಲ. ವಯಸ್ಸು, ತೂಕ, ಬಸಿರು, ಹಳೆಯ ಕಾಯಿಲೆ, ತಡವಾದ ಮಾತ್ರೆ: ಇವುಗಳಲ್ಲಿ ಯಾವುದರ ಪಾಲು ಎಷ್ಟು?

2009ರ ಮಾರ್ಚ್ 24ರಿಂದ ಏಪ್ರಿಲ್ 24ರವರೆಗಿನ ಒಂದು ತಿಂಗಳಲ್ಲಿ ಮೆಕ್ಸಿಕೊ ನಗರದ ರಾಷ್ಟ್ರೀಯ ಶ್ವಾಸಕೋಶ ರೋಗ ಸಂಸ್ಥೆಗೆ ಉಸಿರಾಟದ ತೊಂದರೆಯಿಂದ ಬಂದು ದಾಖಲಾದವರು 98 ಮಂದಿ. ಅವರಲ್ಲಿ 18 ಜನರ ನ್ಯುಮೋನಿಯಾಕ್ಕೆ ಅದುವರೆಗೆ ಯಾರೂ ಕಾಣದ ಒಂದು ಇನ್‌ಫ್ಲುಯೆಂಜಾ ವೈರಸ್ ಕಾರಣವೆಂದು ಆಮೇಲೆ ಗೊತ್ತಾಯಿತು. ಆ ಹದಿನೆಂಟರಲ್ಲಿ 12 ಮಂದಿಗೆ ವೆಂಟಿಲೇಟರ್ ಬೇಕಾಯಿತು, 7 ಮಂದಿ ಬದುಕಲಿಲ್ಲ. ಫ್ಲೂ ಬಂದರೆ ಸಾಯುವವರು ಹಣ್ಣು ಮುದುಕರು, ಇಲ್ಲವೇ ಹಸುಗೂಸುಗಳು ಎಂಬ ರೂಢಿಯ ತಿಳಿವಳಿಕೆಗೆ ಈ ಪಟ್ಟಿ ಹೊಂದುತ್ತಿರಲಿಲ್ಲ. ಅರ್ಧಕ್ಕೂ ಹೆಚ್ಚು ಜನ 13ರಿಂದ 47 ವರ್ಷದೊಳಗಿನವರು. ಮೊದಲೇ ಏನಾದರೂ ಕಾಯಿಲೆ ಇದ್ದವರು ಎಂಟೇ ಮಂದಿ.

ಅದೇ ಆಸ್ಪತ್ರೆಯಲ್ಲಿ ಸೋಂಕು ತಗಲಿದ ಇನ್ನೊಂದು ಗುಂಪೂ ಇತ್ತು. ಮೊದಲ ರೋಗಿಗಳ ಸಂಪರ್ಕಕ್ಕೆ ಬಂದ ಒಂದು ವಾರದೊಳಗೆ 22 ಆರೋಗ್ಯ ಸಿಬ್ಬಂದಿಗೆ ಫ್ಲೂ ಲಕ್ಷಣಗಳು ಕಾಣಿಸಿದವು. ಅವರಿಗೆ ಫ್ಲೂ ವೈರಸ್ಸನ್ನು ತಡೆಯುವ ಒಸೆಲ್ಟಾಮಿವಿರ್ ಮಾತ್ರೆ ಕೊಡಲಾಯಿತು, ಒಬ್ಬರನ್ನೂ ದಾಖಲಿಸಬೇಕಾಗಲಿಲ್ಲ. ನ್ಯುಮೋನಿಯಾದ ಹದಿನೆಂಟು ಮಂದಿಯಾದರೋ, ಅರ್ಧದಷ್ಟು ಜನ ಕಾಯಿಲೆ ಬಿದ್ದು ಆರು ದಿನ ಅಥವಾ ಅದಕ್ಕೂ ಹೆಚ್ಚು ಕಳೆದ ಮೇಲೆ ಆಸ್ಪತ್ರೆ ಸೇರಿದವರು. ಇಷ್ಟು ಸಣ್ಣ ಸಂಖ್ಯೆಯ ಮೇಲೆ ಸಿದ್ಧಾಂತ ಕಟ್ಟಲಾಗದು. ದುಡಿಯುತ್ತಿರುವ ಸಿಬ್ಬಂದಿಯನ್ನೂ ನ್ಯುಮೋನಿಯಾಕ್ಕೆ ತಿರುಗಿದ ರೋಗಿಗಳನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವುದು ಸರಿಯೂ ಅಲ್ಲ. ಆದರೂ ಮುಂದಿನ ಐದು ವರ್ಷಗಳ ಕಾಲ ಹಲವು ದೇಶಗಳ ವೈದ್ಯರು ಬೆನ್ನುಹತ್ತಿದ ಪ್ರಶ್ನೆ ಇಲ್ಲೇ ಹುಟ್ಟಿತ್ತು: ಒಂದೇ ವೈರಸ್ ಕೆಲವರನ್ನು ಸವರಿಕೊಂಡು ಹೋಗಿ, ಕೆಲವರನ್ನು ಮಾತ್ರ ಕೊಲ್ಲುವುದೇಕೆ?

ವಿಶ್ವ ಆರೋಗ್ಯ ಸಂಸ್ಥೆ 2009ರ ಜೂನ್ 11ರಂದು ಇದನ್ನು ಜಾಗತಿಕ ಮಹಾಮಾರಿ ಎಂದು ಸಾರಿತು. ಭಾರತದ ಮೊದಲ ಪ್ರಕರಣ ಮೇ ತಿಂಗಳಲ್ಲಿ ಹೈದರಾಬಾದಿನಲ್ಲಿ ಪತ್ತೆಯಾಯಿತು. ಮೊದಲ ಸಾವು ಆಗಸ್ಟ್ 3ರಂದು ಪುಣೆಯಲ್ಲಿ. ಅದೇ ತಿಂಗಳು ಬೆಂಗಳೂರಿನಲ್ಲೂ ಸಾವಿನ ವರದಿ ಬಂತು. ‘ಹಂದಿಜ್ವರ’ ಎಂಬ ಹೆಸರು ಮನೆಮಾತಾಯಿತು, ಮೆಡಿಕಲ್ ಶಾಪ್‌ಗಳಲ್ಲಿ ಮಾಸ್ಕಿಗೆ ಸಾಲು ನಿಂತಿತು. 2010ರ ಆಗಸ್ಟ್ 10ರಂದು ಮಹಾಮಾರಿ ಮುಗಿಯಿತೆಂದು ಘೋಷಣೆಯಾಗುವ ಹೊತ್ತಿಗೆ ಪ್ರಯೋಗಾಲಯದಲ್ಲಿ ಖಚಿತವಾದ ಸಾವುಗಳು ಜಗತ್ತಿನಲ್ಲಿ 18 ಸಾವಿರ ದಾಟಿದ್ದವು. ಪರೀಕ್ಷೆಯೇ ಆಗದೆ ಸತ್ತವರನ್ನೂ ಸೇರಿಸಿ 2012ರಲ್ಲಿ ಸಂಶೋಧಕರು ಅಂದಾಜಿಸಿದಾಗ, ಮೊದಲ ವರ್ಷದ ಸಾವಿನ ಸಂಖ್ಯೆ ಒಂದೂವರೆ ಲಕ್ಷದಿಂದ ಐದೂಮುಕ್ಕಾಲು ಲಕ್ಷದವರೆಗೆ ಇರಬಹುದೆಂದು ಕಂಡಿತು. ಅವರಲ್ಲಿ ನೂರಕ್ಕೆ ಎಂಬತ್ತು ಮಂದಿ 65 ವರ್ಷದ ಒಳಗಿನವರು.

ಎರಡು ಬೇರೆ ಪ್ರಶ್ನೆಗಳು

ಅಪಾಯದ ಅಂಶಗಳ ಮಾತು ಬಂದಾಗ ಎರಡು ಪ್ರಶ್ನೆಗಳು ಕಲಸಿಹೋಗುತ್ತವೆ. ಸೋಂಕು ತಗಲಿದವರಲ್ಲಿ ಆಸ್ಪತ್ರೆ ಸೇರುವವರು ಯಾರು ಎಂಬುದು ಒಂದು. ಆಸ್ಪತ್ರೆ ಸೇರಿದ ಮೇಲೆ ಸಾಯುವವರು ಯಾರು ಎಂಬುದು ಇನ್ನೊಂದು. ಎರಡಕ್ಕೂ ಉತ್ತರ ಒಂದೇ ಇರಬೇಕೆಂದಿಲ್ಲ. ಮಕ್ಕಳು ಹೆಚ್ಚಾಗಿ ದಾಖಲಾಗಿ, ಅವರಲ್ಲಿ ಹೆಚ್ಚಿನವರು ಗುಣವಾಗಿ ಹೋಗಬಹುದು. ಮುದುಕರು ಅಪರೂಪಕ್ಕೆ ದಾಖಲಾಗಿ, ದಾಖಲಾದವರಲ್ಲಿ ಬಹಳ ಮಂದಿ ಸಾಯಬಹುದು. 2009ರಲ್ಲಿ ಆದದ್ದೂ ಹೆಚ್ಚುಕಡಿಮೆ ಹೀಗೆಯೇ.

ಈ ವಿಷಯದಲ್ಲಿ ಬಹಳ ದೊಡ್ಡ ಲೆಕ್ಕಗಳಲ್ಲಿ ಒಂದು 2011ರಲ್ಲಿ ಪ್ರಕಟವಾಯಿತು. ಹತ್ತೊಂಬತ್ತು ದೇಶ-ಪ್ರದೇಶಗಳಿಂದ ಆಸ್ಪತ್ರೆ ಸೇರಿದ ಸುಮಾರು 70 ಸಾವಿರ ರೋಗಿಗಳು, ಐಸಿಯು ಕಂಡ 9,700 ಮಂದಿ ಮತ್ತು 2,500 ಸಾವುಗಳ ಮಾಹಿತಿಯನ್ನು ಅದರಲ್ಲಿ ಒಟ್ಟುಗೂಡಿಸಲಾಗಿತ್ತು. ಮೊದಲೇ ದೀರ್ಘಕಾಲದ ಕಾಯಿಲೆ ಇದ್ದವರ ಪಾಲು ದಾಖಲಾದವರಲ್ಲಿ ಶೇ 31, ಐಸಿಯು ಸೇರಿದವರಲ್ಲಿ ಶೇ 52, ಸತ್ತವರಲ್ಲಿ ಶೇ 62ರಷ್ಟಿತ್ತು. ಮೆಟ್ಟಿಲು ಏರಿದಂತೆ ಅಂಕಿಯೂ ಏರಿದೆ. ಸಕ್ಕರೆ ಕಾಯಿಲೆ, ಹೃದಯ, ಮೂತ್ರಪಿಂಡ, ಪಿತ್ತಜನಕಾಂಗದ ತೊಂದರೆ, ಕುಗ್ಗಿದ ರೋಗನಿರೋಧಕ ಶಕ್ತಿ ಇವೆಲ್ಲ ಸಾವಿನ ಸಾಧ್ಯತೆಯನ್ನು ಹೆಚ್ಚಿಸಿದವೆಂಬುದರಲ್ಲಿ ಅನುಮಾನವಿಲ್ಲ.

ಅದೇ ಅಂಕಿಯನ್ನು ತಿರುಗಿಸಿ ಓದಿ. ಸತ್ತವರಲ್ಲಿ ನೂರಕ್ಕೆ ಮೂವತ್ತೆಂಟು ಮಂದಿಗೆ ಹೆಸರಿಸಬಹುದಾದ ಯಾವ ಹಳೆಯ ಕಾಯಿಲೆಯೂ ದಾಖಲಾಗಿರಲಿಲ್ಲ. ‘ನನಗೇನೂ ಕಾಯಿಲೆಯಿಲ್ಲ, ಗಟ್ಟಿಮುಟ್ಟಾಗಿದ್ದೇನೆ’ ಎಂಬ ಧೈರ್ಯಕ್ಕೆ ಈ ವೈರಸ್ ಕೊಟ್ಟ ಬೆಲೆ ಅಷ್ಟೇ.

ವಯಸ್ಸಿನ ಒಗಟು

ಈ ಫ್ಲೂ ಹಿರಿಯರಿಗಿಂತ ಕಿರಿಯರನ್ನೇ ಹೆಚ್ಚಾಗಿ ಹಿಡಿದದ್ದೇಕೆ? 1918ರ ಫ್ಲೂ ಮಹಾಮಾರಿಯನ್ನು ತಂದದ್ದೂ ಇದೇ ಎಚ್‌1ಎನ್‌1 ಜಾತಿಯ ವೈರಸ್. ಅದರ ಸಂತತಿ 1957ರವರೆಗೆ ಮನುಷ್ಯರ ನಡುವೆ ಓಡಾಡಿಕೊಂಡಿತ್ತು. ಆ ಕಾಲದಲ್ಲಿ ಬಾಲ್ಯ ಕಳೆದವರ ದೇಹಕ್ಕೆ ಅದರ ಗುರುತು ಸಿಕ್ಕಿತ್ತು. 2009ರ ವೈರಸ್ ಹಂದಿಗಳಲ್ಲಿ ಬೇರೆ ಬೇರೆ ಫ್ಲೂ ವೈರಸ್‌ಗಳ ತುಣುಕು ಬೆರೆತು ಹುಟ್ಟಿದ್ದಾದರೂ, ಅದರ ಹೊರಮೈಯ ಒಂದು ಮುಖ್ಯ ಪ್ರೋಟೀನ್ ಆ ಹಳೆಯ ವೈರಸ್ಸನ್ನು ಹೋಲುತ್ತಿತ್ತು. ಹೀಗಾಗಿ ಅರವತ್ತು ದಾಟಿದ ಎಷ್ಟೋ ಮಂದಿಯ ರಕ್ತದಲ್ಲಿ ಅದನ್ನು ತಡೆಯುವ ಪ್ರತಿಕಾಯಗಳು ಮೊದಲೇ ಇದ್ದವು. ಯುವಕರಿಗೆ ಆ ರಕ್ಷಣೆ ಇರಲಿಲ್ಲ.

ಆದರೆ ಇದು ಸೋಂಕು ತಗಲದಂತೆ ಕಾಯುವ ಮಾತು, ತಗಲಿದ ಮೇಲಿನದಲ್ಲ. ಕ್ಯಾಲಿಫೋರ್ನಿಯಾದಲ್ಲಿ 2009ರ ಆಗಸ್ಟ್‌ವರೆಗೆ ಆಸ್ಪತ್ರೆ ಸೇರಿದ ಅಥವಾ ಸತ್ತ 1,088 ಮಂದಿಯ ವಿವರ ಕಲೆಹಾಕಿದಾಗ ನಡುವಯಸ್ಸು ಬರೀ 27. ದಾಖಲಾದವರ ಪ್ರಮಾಣ ಅತಿ ಹೆಚ್ಚಿದ್ದದ್ದು ಎಳೆಗೂಸುಗಳಲ್ಲಿ. ಒಟ್ಟಾರೆ ನೂರಕ್ಕೆ 11 ಮಂದಿ ಸತ್ತರೆ, ಐವತ್ತು ದಾಟಿದವರಲ್ಲಿ ಸತ್ತವರು ನೂರಕ್ಕೆ 18ರಿಂದ 20. ‘ಇದು ಹರೆಯದವರ ರೋಗ’ ಎಂಬ ಸುದ್ದಿ ಹರಡಿದ್ದ ಹೊತ್ತಿನಲ್ಲಿ ಹಿರಿಯರ ಜ್ವರವನ್ನು ಹಗುರವಾಗಿ ಎಣಿಸುವ ಅಪಾಯವೂ ಇತ್ತು.

ಬಸುರಿಯರ ಪಾಲು

ಅಮೆರಿಕದಲ್ಲಿ ಯಾವುದೇ ಹೊತ್ತಿಗೆ ಬಸುರಿಯರಾಗಿರುವವರು ಜನಸಂಖ್ಯೆಯ ನೂರಕ್ಕೆ ಒಬ್ಬರ ಆಸುಪಾಸು. ಅಲ್ಲಿ 2009ರ ಫ್ಲೂ ಸಾವುಗಳಲ್ಲಿ ಅವರ ಪಾಲು ನೂರಕ್ಕೆ ಐದು. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ಗಳಲ್ಲಿ ಆ ಚಳಿಗಾಲ ಐಸಿಯು ಸೇರಿದ 722 ಮಂದಿಯಲ್ಲಿ ನೂರಕ್ಕೆ ಒಂಬತ್ತು ಮಂದಿ ಗರ್ಭಿಣಿಯರು. ತಿಂಗಳು ತುಂಬುತ್ತ ಬಂದಂತೆ ಗರ್ಭಕೋಶ ವಪೆಯನ್ನು ಮೇಲಕ್ಕೊತ್ತುತ್ತದೆ, ಶ್ವಾಸಕೋಶ ಹಿಗ್ಗಲು ಜಾಗ ಕಡಿಮೆಯಾಗುತ್ತದೆ. ದೇಹಕ್ಕೆ ಆಮ್ಲಜನಕ ಹೆಚ್ಚು ಬೇಕಾದ ಕಾಲವೂ ಅದೇ. ಮಗುವನ್ನು ಹೊರತಳ್ಳದಿರಲೆಂದು ರೋಗನಿರೋಧಕ ವ್ಯವಸ್ಥೆ ತನ್ನ ವರಸೆಯನ್ನೂ ಬದಲಿಸಿಕೊಂಡಿರುತ್ತದೆ.

ಇಷ್ಟೇ ಆಗಿದ್ದರೆ ಇದನ್ನು ಪ್ರಕೃತಿಯ ಲೆಕ್ಕ ಎಂದು ಬಿಡಬಹುದಿತ್ತು. ಅಮೆರಿಕದ ಅದೇ ಮಾಹಿತಿಯಲ್ಲಿ ಇನ್ನೊಂದು ಸಾಲಿದೆ. ರೋಗ ಕಾಣಿಸಿದ ಎರಡು ದಿನದೊಳಗೆ ಔಷಧ ಶುರುವಾದ ಬಸುರಿಯರಲ್ಲಿ ಐಸಿಯು ಸೇರಿದವರು ನೂರಕ್ಕೆ ಒಂಬತ್ತು. ನಾಲ್ಕು ದಿನ ದಾಟಿದ ಮೇಲೆ ಶುರುವಾದವರಲ್ಲಿ ನೂರಕ್ಕೆ ಐವತ್ತೇಳು. ಬಸುರಿಗೆ ಮಾತ್ರೆ ಕೊಡಲು ಮನೆಯವರೂ ಹಿಂಜರಿಯುತ್ತಾರೆ, ಎಷ್ಟೋ ವೈದ್ಯರೂ ಹಿಂಜರಿಯುತ್ತಾರೆ. ಎಚ್ಚರಿಕೆಯೆಂದು ನಾವು ಭಾವಿಸುವ ಆ ಹಿಂಜರಿಕೆಯೇ ಇಲ್ಲಿ ಅಪಾಯವಾಯಿತು.

ತೂಕ ಮತ್ತು ಅಸ್ತಮಾ

ಬೊಜ್ಜು ಫ್ಲೂ ಸಾವಿನ ಅಪಾಯದ ಅಂಶವಾಗಿ 2009ಕ್ಕೆ ಮೊದಲು ಯಾರ ಪಟ್ಟಿಯಲ್ಲೂ ಎದ್ದು ಕಾಣುತ್ತಿರಲಿಲ್ಲ. ಕ್ಯಾಲಿಫೋರ್ನಿಯಾದ ರೋಗಿಗಳಲ್ಲಿ ಎತ್ತರ-ತೂಕ ಗೊತ್ತಿದ್ದ ವಯಸ್ಕರನ್ನು ನೋಡಿದಾಗ ನೂರಕ್ಕೆ 58 ಮಂದಿ ಬೊಜ್ಜಿನವರು. ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಐಸಿಯುಗಳಲ್ಲಿ ದೇಹತೂಕ ಸೂಚ್ಯಂಕ 35 ದಾಟಿದವರು ನೂರಕ್ಕೆ 29ರಷ್ಟಿದ್ದರು. ಅಲ್ಲಿನ ಒಟ್ಟು ಜನರಲ್ಲಿ ಅಂಥವರು ನೂರಕ್ಕೆ ಐದು ಮಾತ್ರ. ಅತಿ ಬೊಜ್ಜಿನವರು ಮಲಗಿದಾಗ ಹೊಟ್ಟೆಯ ಭಾರ ಶ್ವಾಸಕೋಶದ ಕೆಳಭಾಗವನ್ನು ಅದುಮುತ್ತದೆ. ಕೊಬ್ಬಿನ ಕೋಶಗಳು ದೇಹದಲ್ಲಿ ಸದಾ ಸಣ್ಣಗೆ ಉರಿಯೂತವನ್ನು ಕಾಯ್ದಿಟ್ಟಿರುತ್ತವೆ. ವೆಂಟಿಲೇಟರ್ ಹಾಕುವುದು, ಬೋರಲು ಮಲಗಿಸುವುದು ಎಲ್ಲವೂ ಕಷ್ಟ. ಹತ್ತು ವರ್ಷದ ಮೇಲೆ ಕೋವಿಡ್ ಬಂದಾಗಲೂ ಐಸಿಯು ವೈದ್ಯರು ಬೊಜ್ಜಿನ ರೋಗಿಯ ಮೇಲೆ ಕಣ್ಣಿಡಬೇಕಾಯಿತು.

ಅಸ್ತಮಾದ ಕತೆ ತಿರುಗುಮುರುಗು. ಆಸ್ಪತ್ರೆ ಸೇರಿದವರಲ್ಲಿ ಅತಿ ಹೆಚ್ಚಾಗಿ ಕಂಡ ಹಳೆಯ ಕಾಯಿಲೆ ಅದೇ. ಅಂದಮೇಲೆ ಸಾವಿನಲ್ಲೂ ಅದೇ ಮುಂದಿರಬೇಕಲ್ಲ? ಬ್ರಿಟನ್ನಿನ ಆಸ್ಪತ್ರೆಗಳ ರೋಗಿಗಳನ್ನು ಹಿಂಬಾಲಿಸಿದ ಅಧ್ಯಯನದಲ್ಲಿ ಅಸ್ತಮಾ ಇದ್ದವರಿಗೆ ಐಸಿಯು ಅಥವಾ ಸಾವಿನ ಸಾಧ್ಯತೆ ಉಳಿದವರಿಗಿಂತ ಕಡಿಮೆ ಇತ್ತು. ಕಾರಣ ಹುಡುಕಿದಾಗ ಎರಡು ಅಂಶ ಎದ್ದು ಕಂಡವು. ಅವರು ಮೊದಲೇ ಸ್ಟಿರಾಯ್ಡ್ ಇನ್‌ಹೇಲರ್ ಸೇದುತ್ತಿದ್ದರು. ಮತ್ತೆ, ಬೇಗ ಆಸ್ಪತ್ರೆಗೆ ಬರುತ್ತಿದ್ದರು. ದಮ್ಮಿನ ರೋಗಿಗೆ ಉಸಿರಿನ ಏರುಪೇರು ಗೊತ್ತು, ಕಾಯಬಾರದೆಂಬುದೂ ಗೊತ್ತು. ಆ ಅನುಭವ ಇಲ್ಲದ ಆರೋಗ್ಯವಂತ ‘ಎರಡು ದಿನ ನೋಡೋಣ’ ಎನ್ನುತ್ತಾನೆ.

ಪುಪ್ಪುಸದೊಳಗೆ ಏನಾಗುತ್ತದೆ

ಮಾಮೂಲಿ ಫ್ಲೂ ಹೆಚ್ಚಾಗಿ ಮೂಗು, ಗಂಟಲು, ದೊಡ್ಡ ಶ್ವಾಸನಾಳಗಳಲ್ಲೇ ನಿಲ್ಲುತ್ತದೆ. 2009ರ ವೈರಸ್ ಕೆಲವರಲ್ಲಿ ಆಳಕ್ಕಿಳಿದು, ಗಾಳಿ ಮತ್ತು ರಕ್ತ ಸಂಧಿಸುವ ಪುಟ್ಟ ಗಾಳಿಚೀಲಗಳನ್ನೇ ಹಾಳುಮಾಡಿತು. ಚೀಲದ ಗೋಡೆ ಸೋರಿ ಒಳಗೆ ದ್ರವ ತುಂಬಿತೆಂದರೆ ಎಷ್ಟು ಆಮ್ಲಜನಕ ಕೊಟ್ಟರೂ ರಕ್ತಕ್ಕೆ ಸೇರದು. ಐಸಿಯು ವೈದ್ಯರು ಎಆರ್‌ಡಿಎಸ್ ಎನ್ನುವ ಸ್ಥಿತಿ ಇದು. ಮೂರು ದಿನ ಬರೀ ಜ್ವರ, ಮೈಕೈ ನೋವು. ನಾಲ್ಕನೆಯ ದಿನ ಏದುಸಿರು. ಮರುದಿನ ವೆಂಟಿಲೇಟರ್ ಎಂಬ ವೇಗದಲ್ಲಿ ಎಷ್ಟೋ ಮಂದಿ ಕುಸಿದರು. ದಾಖಲಾಗುವಾಗಲೇ ಎಕ್ಸ್‌ರೇಯಲ್ಲಿ ನ್ಯುಮೋನಿಯಾ ಇದ್ದದ್ದು, ರಕ್ತದಲ್ಲಿ ಉರಿಯೂತದ ಸೂಚಕವಾದ ಸಿಆರ್‌ಪಿ ಏರಿದ್ದದ್ದು ಕೆಟ್ಟ ಮುನ್ಸೂಚನೆಗಳೆಂದು ಬ್ರಿಟನ್ನಿನ ವೈದ್ಯರು ಗುರುತಿಸಿದರು.

ವೈರಸ್ ಕೆಡಿಸಿದ ನೆಲದಲ್ಲಿ ಬ್ಯಾಕ್ಟೀರಿಯಾ ಬೇರೂರುವುದು ಫ್ಲೂನ ಹಳೆಯ ಚಾಳಿ. 1918ರ ಸಾವುಗಳಲ್ಲಿ ಹೆಚ್ಚಿನವು ಹೀಗೆ ಎರಡನೆಯದಾಗಿ ಬಂದ ಬ್ಯಾಕ್ಟೀರಿಯಾ ನ್ಯುಮೋನಿಯಾದಿಂದಲೇ ಆದವೆಂದು ಉಳಿದಿರುವ ಅಂಗಾಂಶದ ಮಾದರಿಗಳು ಹೇಳುತ್ತವೆ. 2009ರಲ್ಲಿ ಅಮೆರಿಕದಲ್ಲಿ ಸತ್ತ 77 ಮಂದಿಯ ಶ್ವಾಸಕೋಶವನ್ನು ಪರೀಕ್ಷಿಸಿದಾಗ 22 ಮಂದಿಯಲ್ಲಿ ಬ್ಯಾಕ್ಟೀರಿಯಾ ಸೋಂಕು ಸಿಕ್ಕಿತು. ಆಂಟಿಬಯಾಟಿಕ್ ಫ್ಲೂಗೆ ಔಷಧವಲ್ಲ ಎಂಬುದು ನಿಜವೇ. ತೀವ್ರ ನ್ಯುಮೋನಿಯಾದೊಂದಿಗೆ ಬಂದ ಫ್ಲೂ ರೋಗಿಗೆ ಅದನ್ನೂ ಕೊಡಬೇಕಾಗುವುದು ಈ ಕಾರಣಕ್ಕೆ.

ಉರಿಯೂತ ತಗ್ಗಿಸಲು ಸ್ಟಿರಾಯ್ಡ್ ಕೊಟ್ಟದ್ದು ಮಾತ್ರ ಕೈಹಿಡಿಯಲಿಲ್ಲ. ಫ್ರಾನ್ಸ್ ಮತ್ತು ದಕ್ಷಿಣ ಕೊರಿಯಾದ ಐಸಿಯುಗಳಲ್ಲಿ ಸ್ಟಿರಾಯ್ಡ್ ಪಡೆದವರಲ್ಲೇ ಸಾವು ಹೆಚ್ಚಿತ್ತು. ರೋಗ ಬಿಗಡಾಯಿಸಿದವರಿಗೇ ಅದನ್ನು ಹೆಚ್ಚಾಗಿ ಕೊಟ್ಟದ್ದರಿಂದಲೂ ಹಾಗೆ ಕಂಡಿರಬಹುದು. ಕೋವಿಡ್‌ನಲ್ಲಿ ಆಮ್ಲಜನಕದ ಮೇಲಿದ್ದವರ ಪ್ರಾಣ ಉಳಿಸಿದ ಡೆಕ್ಸಾಮೆಥಾಸೋನ್ ಅನ್ನು ಫ್ಲೂ ರೋಗಿಗೂ ಕಣ್ಣುಮುಚ್ಚಿ ಕೊಡಲಾಗದು.

ಮಾತ್ರೆ, ಪರೀಕ್ಷೆ, ವಿಳಂಬ

ಅಮೆರಿಕದಲ್ಲಿ ಮೊದಲ ಅಲೆಯಲ್ಲಿ ಆಸ್ಪತ್ರೆ ಸೇರಿದ 272 ಮಂದಿಯ ಅಧ್ಯಯನ 2009ರ ಕೊನೆಗೇ ಪ್ರಕಟವಾಗಿತ್ತು. ನಾಲ್ಕರಲ್ಲಿ ಒಂದು ಪಾಲು ಜನ ಐಸಿಯು ಸೇರಿದ್ದರು, ನೂರಕ್ಕೆ ಏಳು ಮಂದಿ ಸತ್ತಿದ್ದರು. ಎಲ್ಲ ಅಂಶಗಳನ್ನೂ ಒಟ್ಟಿಗಿಟ್ಟು ತೂಗಿದಾಗ ಒಳ್ಳೆಯ ಫಲಿತಾಂಶದ ಜೊತೆ ಬಲವಾಗಿ ತಳಕು ಹಾಕಿಕೊಂಡದ್ದು ಒಂದೇ: ರೋಗ ಶುರುವಾದ ಎರಡು ದಿನದೊಳಗೆ ವೈರಸ್ ನಿರೋಧಕ ಔಷಧ ಸಿಕ್ಕದ್ದು. ಸತ್ತವರಲ್ಲಿ ಯಾರಿಗೂ 48 ಗಂಟೆಯೊಳಗೆ ಅದು ಸಿಕ್ಕಿರಲಿಲ್ಲ.

2014ರಲ್ಲಿ 38 ದೇಶಗಳ 29 ಸಾವಿರಕ್ಕೂ ಹೆಚ್ಚು ದಾಖಲಾದ ರೋಗಿಗಳ ಮಾಹಿತಿ ಸೇರಿಸಿ ನೋಡಿದ ಅಧ್ಯಯನ ಬಂತು. ಎರಡು ದಿನದೊಳಗೆ ಔಷಧ ಪಡೆದವರಲ್ಲಿ ಸಾವಿನ ಸಾಧ್ಯತೆ, ತಡವಾಗಿ ಪಡೆದವರಿಗೆ ಹೋಲಿಸಿದರೂ, ಪಡೆಯದೇ ಇದ್ದವರಿಗೆ ಹೋಲಿಸಿದರೂ ಅರ್ಧದಷ್ಟಿತ್ತು. ಎರಡು ದಿನದ ಆಚೆಗೆ ತಡವಾದ ಒಂದೊಂದು ದಿನಕ್ಕೂ ಅಪಾಯ ಸುಮಾರು ಐದನೇ ಒಂದು ಭಾಗದಷ್ಟು ಏರುತ್ತ ಹೋಯಿತು. ಮಕ್ಕಳಲ್ಲಿ ಮಾತ್ರ ಸ್ಪಷ್ಟ ಲಾಭ ಕಾಣಲಿಲ್ಲ.

ಇಲ್ಲಿ ಎರಡು ತಕರಾರುಗಳನ್ನೂ ಓದುಗರ ಮುಂದಿಡಬೇಕು. ಈ ಅಧ್ಯಯನಕ್ಕೆ ಹಣ ಬಂದದ್ದು ಔಷಧ ತಯಾರಿಸುವ ರೋಶ್ ಕಂಪನಿಯಿಂದ. ಅಲ್ಲದೆ ಇದು ಆಗಿಹೋದ ಚಿಕಿತ್ಸೆಯ ದಾಖಲೆಗಳನ್ನು ಜಾಲಾಡಿದ ಅಧ್ಯಯನ, ಚೀಟಿ ಎತ್ತಿ ಗುಂಪು ಮಾಡಿ ನಡೆಸಿದ ಪ್ರಯೋಗವಲ್ಲ. ಅದೇ ವರ್ಷ, ಚಿಕಿತ್ಸೆಗಳ ಪುರಾವೆಯನ್ನು ಒರೆಗೆ ಹಚ್ಚುವ ಕಾಕ್ರನ್ ಸಂಸ್ಥೆಯ ತಜ್ಞರು ಪ್ರಯೋಗಗಳ ಮೂಲ ದಾಖಲೆಗಳನ್ನೇ ತರಿಸಿ ಪರಿಶೀಲಿಸಿ, ಒಸೆಲ್ಟಾಮಿವಿರ್ ವಯಸ್ಕರ ಫ್ಲೂ ಲಕ್ಷಣಗಳ ಅವಧಿಯಲ್ಲಿ ಒಂದು ದಿನಕ್ಕಿಂತ ಕಡಿಮೆ ಹೊತ್ತನ್ನು ಉಳಿಸುತ್ತದಷ್ಟೆ, ಆಸ್ಪತ್ರೆ ಸೇರುವುದನ್ನು ತಪ್ಪಿಸುತ್ತದೆ ಎನ್ನಲು ಪುರಾವೆಯಿಲ್ಲ ಎಂದರು. ಆದರೆ ಆ ಪ್ರಯೋಗಗಳಲ್ಲಿ ಇದ್ದವರು ಹೆಚ್ಚಾಗಿ ಮನೆಯಲ್ಲೇ ಗುಣವಾಗುವ ಆರೋಗ್ಯವಂತರು. ಸಾವಿನ ಲೆಕ್ಕ ಹಾಕಲು ಅಲ್ಲಿ ಸಾವುಗಳೇ ಇರಲಿಲ್ಲವೆನ್ನಬಹುದು. ಆದ್ದರಿಂದ ಎಲ್ಲ ನೆಗಡಿಗೂ ಈ ಮಾತ್ರೆ ನುಂಗಬೇಕಿಲ್ಲ. ಅಪಾಯದ ಅಂಚಿನಲ್ಲಿರುವವರಿಗೆ ಕೊಡುವುದಾದರೆ ತಡಮಾಡಬಾರದು.

ನಮ್ಮಲ್ಲಿ ಆ ಎರಡು ದಿನ ಎಲ್ಲಿ ಕಳೆದುಹೋಗುತ್ತಿದ್ದವು? ಗುಜರಾತಿನ ಸೌರಾಷ್ಟ್ರದಲ್ಲಿ 2009ರ ಸೆಪ್ಟೆಂಬರಿನಿಂದ 2010ರ ಫೆಬ್ರುವರಿಯವರೆಗೆ ದಾಖಲಾದ 274 ರೋಗಿಗಳಿಗೂ ಒಸೆಲ್ಟಾಮಿವಿರ್ ಸಿಕ್ಕಿತ್ತು. ಎರಡು ದಿನದೊಳಗೆ ಸಿಕ್ಕವರು ಮಾತ್ರ ನೂರಕ್ಕೆ 16. ಮೊದಲ ಒಂದೆರಡು ದಿನ ಮನೆಯ ಕಷಾಯಕ್ಕೆ, ಪ್ಯಾರಾಸಿಟಮಾಲ್‌ಗೆ. ಆಮೇಲೆ ಬೀದಿಯ ಕ್ಲಿನಿಕ್ಕಿನ ಆಂಟಿಬಯಾಟಿಕ್ಕಿಗೆ. ಅಲ್ಲಿಂದ ದೊಡ್ಡ ಆಸ್ಪತ್ರೆಗೆ, ಅಲ್ಲಿಂದ ಗಂಟಲು ದ್ರವದ ವರದಿಗಾಗಿ ಕಾಯುವುದಕ್ಕೆ. ಶುರುವಿನಲ್ಲಿ ಇಡೀ ದೇಶದ ಮಾದರಿಗಳು ಪುಣೆಗೋ ದೆಹಲಿಗೋ ಹೋಗಬೇಕಿತ್ತು. ಬೆಂಗಳೂರಿನ ನಿಮ್ಹಾನ್ಸ್‌ನಂಥ ಪ್ರಯೋಗಾಲಯಗಳು ಸೇರಿಕೊಂಡದ್ದು ಆಮೇಲೆ. ಕೈಗೆಟಕುವ ಕ್ಷಿಪ್ರ ಪರೀಕ್ಷೆಯೂ ನಂಬುವಂತಿರಲಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಅದು ಮೂವರು ಸೋಂಕಿತರಲ್ಲಿ ಒಬ್ಬರಿಗೆ ‘ಇಲ್ಲ’ ಎಂದಿತ್ತು. ಔಷಧವೂ ಸುಲಭವಾಗಿ ಸಿಗುತ್ತಿರಲಿಲ್ಲ. ದುರುಪಯೋಗದ ಭಯದಿಂದ ಒಸೆಲ್ಟಾಮಿವಿರ್ ಅನ್ನು ಅತಿ ಬಿಗಿಯಾದ ಎಕ್ಸ್ ಪಟ್ಟಿಯಲ್ಲಿಟ್ಟದ್ದರಿಂದ ಕೆಲವೇ ಅಂಗಡಿಗಳು ಅದನ್ನು ಮಾರಬಹುದಿತ್ತು. ಅದನ್ನು ಎಚ್‌1 ಪಟ್ಟಿಗೆ ತಂದು, ವೈದ್ಯರ ಚೀಟಿಯಿದ್ದರೆ ಸಾಮಾನ್ಯ ಔಷಧದಂಗಡಿಯಲ್ಲೂ ಸಿಗುವಂತೆ ಮಾಡಿದ್ದು 2017ರಲ್ಲಿ. ದೇಶದಲ್ಲೇ ತಯಾರಾದ ಲಸಿಕೆ 2010ರ ನಡುವೆ ಮಾರುಕಟ್ಟೆಗೆ ಬಂದಾಗ ಮೊದಲ ಅಲೆ ಹೋಗಿ ತಿಂಗಳುಗಳಾಗಿದ್ದವು.

ಪಟ್ಟಿಯಲ್ಲಿ ಸೇರದ ಅಪಾಯ

ಕೆನಡಾದ ಐಸಿಯುಗಳಲ್ಲಿದ್ದ 168 ಮಂದಿಯಲ್ಲಿ ನಾಲ್ಕನೇ ಒಂದು ಭಾಗ ಅಲ್ಲಿನ ಮೂಲನಿವಾಸಿ ಸಮುದಾಯಗಳವರು, ಜನಸಂಖ್ಯೆಯಲ್ಲಿ ಅವರ ಪಾಲಿಗಿಂತ ಎಷ್ಟೋ ಹೆಚ್ಚು. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲೂ ಇದೇ ಚಿತ್ರ. ಇಕ್ಕಟ್ಟಿನ ಮನೆ, ದೂರದ ಆಸ್ಪತ್ರೆ, ಮೊದಲೇ ಇದ್ದ ಸಕ್ಕರೆ ಕಾಯಿಲೆ ಇವೆಲ್ಲ ಒಂದಕ್ಕೊಂದು ಹೆಣೆದುಕೊಂಡಿದ್ದವು. ಐಸಿಯು ಸೇರಿದ ಮೇಲಿನ ಬದುಕೂ ದೇಶಕ್ಕೆ ತಕ್ಕಂತೆ ಬದಲಾಯಿತು. ಮೆಕ್ಸಿಕೊದಲ್ಲಿ ಆರು ಆಸ್ಪತ್ರೆಗಳ 58 ವಿಷಮ ರೋಗಿಗಳಲ್ಲಿ ನೂರಕ್ಕೆ 41 ಮಂದಿ ಸತ್ತರು, ಕೆನಡಾದಲ್ಲಿ ನೂರಕ್ಕೆ 17. ರೋಗಿಗಳು ಬಂದ ಹೊತ್ತು, ಹಾಸಿಗೆ, ಸಿಬ್ಬಂದಿ ಯಾವುದೂ ಎರಡು ಕಡೆ ಒಂದೇ ಆಗಿರಲಿಲ್ಲ.

ಆ ವೈರಸ್ ಈಗ ಎಲ್ಲಿಗೂ ಹೋಗಿಲ್ಲ. ಮಾಮೂಲಿ ಫ್ಲೂಗಳ ಸಾಲಿನಲ್ಲಿ ಕೂತು ವರ್ಷ ವರ್ಷ ಬರುತ್ತದೆ, ಭಾರತದಲ್ಲಿ ಹೆಚ್ಚಾಗಿ ಮಳೆಗಾಲದಲ್ಲಿ ಒಮ್ಮೆ, ಜನವರಿಯಿಂದ ಮಾರ್ಚ್‌ವರೆಗೆ ಇನ್ನೊಮ್ಮೆ. 2015ರಲ್ಲಿ ದೇಶದಲ್ಲಿ 42 ಸಾವಿರಕ್ಕೂ ಹೆಚ್ಚು ಮಂದಿಗೆ ಅದು ಖಚಿತವಾಗಿ, ಸುಮಾರು ಮೂರು ಸಾವಿರ ಮಂದಿ ಸತ್ತರು. ಮಹಾಮಾರಿ ಎಂಬ ಹೆಸರು ಹೋದರೂ ಸಾವು ನಿಂತಿಲ್ಲ.

ವಯಸ್ಸು, ಬಸಿರು, ಹಳೆಯ ಕಾಯಿಲೆ, ತೂಕ ಇವುಗಳನ್ನು ಜ್ವರ ಬಂದ ರಾತ್ರಿ ಯಾರೂ ಬದಲಿಸಲಾರರು. ಬದಲಿಸಬಹುದಾದದ್ದು ವಿಳಂಬವೊಂದನ್ನೇ. ಕೇಂದ್ರ ಆರೋಗ್ಯ ಸಚಿವಾಲಯ 2009ರಲ್ಲೇ ಮಾಡಿಕೊಟ್ಟ ಎ, ಬಿ, ಸಿ ವಿಂಗಡಣೆ ಹೇಳುವುದೂ ಅದನ್ನೇ. ಸಣ್ಣ ಜ್ವರ, ಗಂಟಲು ಕೆರೆತ ಇದ್ದವರು ಮನೆಯಲ್ಲೇ ಇದ್ದು, ಉಳಿದವರಿಂದ ದೂರವಿದ್ದು ಸುಧಾರಿಸಿಕೊಳ್ಳಲಿ; ಪರೀಕ್ಷೆಯೂ ಬೇಡ, ಫ್ಲೂ ಮಾತ್ರೆಯೂ ಬೇಡ. ಬಸುರಿಯರು, 65 ದಾಟಿದವರು, ಸಕ್ಕರೆ, ಹೃದಯ, ಶ್ವಾಸಕೋಶ, ಮೂತ್ರಪಿಂಡದ ಕಾಯಿಲೆಯವರು ಜ್ವರ ಕಂಡ ದಿನವೇ ವೈದ್ಯರನ್ನು ಕಾಣಲಿ, ವರದಿಗೆ ಕಾಯದೆ ಔಷಧ ಬೇಕೇ ಎಂದು ಕೇಳಲಿ. ಏದುಸಿರು, ಎದೆನೋವು, ಕಫದಲ್ಲಿ ರಕ್ತ, ಮಂಕು, ನೀಲಿಗಟ್ಟಿದ ಉಗುರು, ಹಾಲು ಕುಡಿಯಲೊಲ್ಲದ ಮಗು ಕಂಡರೆ ಯಾವ ವಯಸ್ಸಿನವರಾದರೂ ಆ ಕ್ಷಣವೇ ಆಸ್ಪತ್ರೆಗೆ ಹೋಗಲಿ. ವರ್ಷಕ್ಕೊಮ್ಮೆ ಹಾಕಿಸಿಕೊಳ್ಳುವ ಫ್ಲೂ ಲಸಿಕೆಯಲ್ಲಿ ಈ ವೈರಸ್ಸಿನ ಅಂಶವೂ ಇದೆ. ಅಪಾಯದ ಅಂಚಿನಲ್ಲಿರುವವರು ಮಳೆಗಾಲಕ್ಕೆ ಮುಂಚೆಯೇ ತಮ್ಮ ವೈದ್ಯರಲ್ಲಿ ಅದನ್ನು ವಿಚಾರಿಸಲಿ. ಜ್ವರ ಶುರುವಾದ ತಾರೀಕನ್ನು ಗುರುತಿಟ್ಟುಕೊಂಡು ವೈದ್ಯರಿಗೆ ಮೊದಲ ಮಾತಾಗಿ ಅದನ್ನೇ ಹೇಳಿ. ಚಿಕಿತ್ಸೆಯ ಲೆಕ್ಕ ಶುರುವಾಗುವುದೇ ಆ ತಾರೀಕಿನಿಂದ.